ಫೈಲು ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿರಲಿ!

2023ರ ಜೂನ್ ತಿಂಗಳು. ಕಾಲೇಜಿನಲ್ಲಿ ಪಾಠ ಮಾಡುವ ನನ್ನ ತಂಗಿಗೆ ವಿಯೆನ್ನಾದ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಲು ಆಹ್ವಾನ ಬಂತು. ಮಗು ಹುಟ್ಟಿದ ಮೇಲೆ ಬರೆದ ಮೊದಲ ಪ್ರಬಂಧ. ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಸೂಟ್‌ಕೇಸ್ ತುಂಬಿದ್ದು ನಾನೇ. ಕಾಗದಪತ್ರಗಳ ಫೈಲು ಕಳೆದುಹೋಗದಿರಲಿ ಅಂತ ಸೀರೆಗಳ ಮಧ್ಯೆ ಜೋಪಾನವಾಗಿ ಇಟ್ಟುಬಿಟ್ಟೆ. ಎಡವಟ್ಟಾಗಿದ್ದು ಅಲ್ಲೇ.

ಅವಳು ಜರ್ಮನಿಯಲ್ಲಿ ವಿಮಾನ ಬದಲಿಸಬೇಕಿತ್ತು. ಷೆಂಗೆನ್ ದೇಶಗಳಿಗೆ ಹೋಗುವಾಗ ಪಾಸ್‌ಪೋರ್ಟ್ ತಪಾಸಣೆ ಆಗುವುದು ಮೊದಲು ಇಳಿಯುವ ದೇಶದಲ್ಲಿ. ಸೂಟ್‌ಕೇಸ್ ಮಾತ್ರ ನೇರ ವಿಯೆನ್ನಾಕ್ಕೆ! "ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಪತ್ರ ತೋರಿಸಿ" ಅಂದರೆ ಇವಳ ಕೈಯಲ್ಲಿ ಏನೂ ಇಲ್ಲ. ಫೋನಿಗೆ ನೆಟ್‌ವರ್ಕ್ ಸಿಗಲಿಲ್ಲ. ಪಕ್ಕಕ್ಕೆ ಕೂರಿಸಿ, ಸಂಘಟಕರನ್ನು ವಿಚಾರಿಸಿ ಬಿಡುವಷ್ಟರಲ್ಲಿ ಮುಂದಿನ ವಿಮಾನ ಹೊರಟುಹೋಗಿತ್ತು. ಅವಳ ಸರದಿಯೂ ತಪ್ಪಿತು. ಮರುದಿನ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕೊಟ್ಟರಂತೆ, ಅಷ್ಟೆ. "ಹೋಗ್ಲಿ ಬಿಡಕ್ಕ, ನಾನೂ ನೋಡ್ಕೋಬೇಕಿತ್ತು" ಅಂದಳು. ನನಗೆ ಮಾತ್ರ ಇವತ್ತಿಗೂ ಮನಸ್ಸು ಚುಚ್ಚುತ್ತದೆ.

ವೀಸಾ ಸಿಕ್ಕರೆ ಎಲ್ಲ ಮುಗೀತು ಅಂದುಕೊಳ್ಳುತ್ತೇವೆ. ಆದರೆ ಒಳಗೆ ಬಿಡುವುದು, ಬಿಡದಿರುವುದು ಗಡಿಯ ಅಧಿಕಾರಿಗೆ ಬಿಟ್ಟದ್ದು. ನಿಮ್ಮ ಯಜಮಾನರೋ, ಮಗಳೋ ಅಥವಾ ನೀವೇ ಸಮ್ಮೇಳನಕ್ಕೆಂದು ಯುರೋಪಿಗೆ ಹೊರಟಿದ್ದರೆ ಇಷ್ಟು ನೆನಪಿರಲಿ:

* ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡವಾಗಬಾರದು. ಕೊನೆಯವರೆಗೆ ಕಾಯಬೇಡಿ.

* ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು. ಅಲ್ಲಿಂದ ಹೊರಡುವ ದಿನದ ನಂತರವೂ 3 ತಿಂಗಳು ಅವಧಿ ಇರಬೇಕು. ಎರಡು ಪುಟ ಖಾಲಿ ಇರಲಿ.

* ವೀಸಾ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ! ಒಂದೇ ಸಲದ ಪ್ರವೇಶ ಅಂತಿದ್ದರೆ, ನಡುವೆ ಲಂಡನ್ ನೋಡಿಕೊಂಡು ವಾಪಸು ಬರಲಾಗದು. ಷೆಂಗೆನ್ ಕೂಟದ 29 ದೇಶಗಳಲ್ಲಿ ಬ್ರಿಟನ್ ಇಲ್ಲ, ಅದಕ್ಕೆ ಬೇರೆಯದೇ ವೀಸಾ ಬೇಕು.

* ಆಹ್ವಾನ ಪತ್ರ, ಹೋಟೆಲ್ ಬುಕಿಂಗ್, ವಾಪಸು ಟಿಕೆಟ್, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ – ಎಲ್ಲದರ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. ಸಂಘಟಕರ ಫೋನ್ ನಂಬರನ್ನೂ ಬರೆದಿಡಿ.

* 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ಪದ್ಧತಿ ಶುರುವಾಗಿದೆ. ಸಾಲು ಉದ್ದವಾಗಬಹುದು. ಎರಡು ವಿಮಾನಗಳ ನಡುವೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ಸಮ್ಮೇಳನದ ಹಿಂದಿನ ದಿನವೇ ತಲುಪಿದರೆ ಇನ್ನೂ ಒಳ್ಳೆಯದು.

* ತುಪ್ಪದ ಡಬ್ಬಿ ಬೇಡ. ಹೊರಗಿನ ಹಾಲಿನ ಪದಾರ್ಥ, ಮಾಂಸವನ್ನು ಅಲ್ಲಿ ಬಿಡುವುದಿಲ್ಲ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ.

* ಕೇಳಿದ್ದಕ್ಕೆ ಚುಟುಕಾಗಿ, ನಿಜವನ್ನೇ ಹೇಳಿ. ಸಮ್ಮೇಳನಕ್ಕೆ ಹೋಗಿ 'ಸುಮ್ಮನೆ ಊರು ನೋಡೋಕೆ' ಅಂದರೆ ಅನುಮಾನ ಬರುವುದು ಸಹಜ.

ಪ್ರಬಂಧ ಬರೆಯುವುದು ಅವರ ಕೆಲಸ. ಆದರೆ ಸೂಟ್‌ಕೇಸ್ ತುಂಬೋದು ಬಹುಪಾಲು ಮನೆಗಳಲ್ಲಿ ನಾವೇ ತಾನೆ? ಜಿಪ್ ಎಳೆಯುವ ಮುನ್ನ ಒಮ್ಮೆ ಕೇಳಿ, "ಫೈಲು ಕೈಚೀಲದಲ್ಲಿದೆಯಾ?"