ನೀರನ್ನು ಮೊದಲು ನೆಟ್ಟ ರೈತ: ಜಿಂಬಾಬ್ವೆಯ ಫಿರಿ ಅಜ್ಜನ ಕಥೆ

ಹೋದ ಬೇಸಿಗೆಯಲ್ಲಿ ನಮ್ಮ ಎರಡನೇ ಬೋರೂ ಕೈಕೊಟ್ಟಿತು. ಮೂರನೇದಕ್ಕೆ ಪಾಯಿಂಟ್ ನೋಡಿಸೋಣ ಅಂತ ಅಪ್ಪ, ಹಳೇ ಸಾಲ ತೀರೋವರೆಗೂ ಬೇಡ ಅಂತ ನಾನು. ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಅಂಥಾ ಒಂದು ರಾತ್ರಿ ನಿದ್ದೆ ಬರದೆ ಮೊಬೈಲ್ ತಿರುವುತ್ತಾ ಇದ್ದಾಗ ಒಬ್ಬ ಆಫ್ರಿಕಾದ ಅಜ್ಜ ಕಾಣಿಸಿದರು. ಕುಂಟುತ್ತಾ ನಡೀತಾ, ನಗ್ತಾ, ತಮ್ಮ ಹೊಲದ ಗುಂಡಿಗಳನ್ನು ತೋರಿಸ್ತಾ ಇದ್ದರು. ಹೆಸರು ಜೆಫನಾಯ ಫಿರಿ ಮಸೆಕೊ.

ಅವರು ಈಗಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅದರ ಬೆನ್ನಿಗೇ ಬಂದ ಮಳೆಗಾಲ ದಕ್ಷಿಣ ಆಫ್ರಿಕಾದ ದೇಶಗಳಿಗೆಲ್ಲ ಭೀಕರ ಬರ ತಂದಿತು. ಬರಕ್ಕೆ ಹೇಗೆ ತಯಾರಾಗಬೇಕು ಅಂತ ಜೀವನಪೂರ್ತಿ ತೋರಿಸಿಕೊಟ್ಟ ಮನುಷ್ಯ, ಸರಿಯಾಗಿ ಬರ ಬರೋ ಹೊತ್ತಿಗೆ ಹೊರಟುಹೋದರು.

ಅವರ ಊರು ಜಿಂಬಾಬ್ವೆಯ ಜ್ವಿಶಾವಾನೆ ಜಿಲ್ಲೆಯಲ್ಲಿ. ಅಲ್ಲಿ ವರ್ಷಕ್ಕೆ ಸುಮಾರು 450ರಿಂದ 650 ಮಿ.ಮೀ. ಮಳೆ. ನಮ್ಮ ಬಯಲುಸೀಮೆಯವರಿಗೆ ಈ ಲೆಕ್ಕ ಹೊಸದೇನಲ್ಲ. ಬಂದರೆ ಒಂದೇ ಏಟಿಗೆ ಸುರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತೆ, ಇಲ್ಲದಿದ್ರೆ ತಿಂಗಳುಗಟ್ಟಲೆ ನಾಪತ್ತೆ.

ಫಿರಿ ಮೊದಲು ರೈಲ್ವೆ ನೌಕರ. ಆಗ ಆ ದೇಶ ಬಿಳಿಯರ ಆಳ್ವಿಕೆಯ ರೊಡೇಷಿಯಾ. ರಾಜಕೀಯ ಹೋರಾಟದಲ್ಲಿ ಇದ್ದಾರೆ ಅಂತ 1964ರಲ್ಲಿ ಕೆಲಸದಿಂದ ತೆಗೆದರು. ಮನೆ ತುಂಬಾ ಜನ, ಸಂಬಳ ಇಲ್ಲ. ಕೈಯಲ್ಲಿ ಉಳಿದದ್ದು ಎರಡೇ: ದನ ಮೇದು ಬೋಳಾಗಿದ್ದ ಎಂಟು ಎಕರೆಯೊಳಗಿನ ಇಳಿಜಾರು ಜಮೀನು, ಮತ್ತೊಂದು ಬೈಬಲ್.

ಫಿರಿ ದೈವಭಕ್ತ ಕ್ರೈಸ್ತರು. ಬೈಬಲ್ಲಿನ ಮೊದಲ ಭಾಗ ಆದಿಕಾಂಡದಲ್ಲಿ ಏದೆನ್ ತೋಟದ ಕಥೆ ಬರುತ್ತೆ. ಮೊದಲ ಮನುಷ್ಯರಿಗೆ ಬೇಕಾದ್ದೆಲ್ಲ ಆ ತೋಟದಲ್ಲೇ ಇತ್ತು, ಅಲ್ಲಿಂದ ನದಿಗಳು ಹರೀತಿದ್ದವು. ಎಷ್ಟೋ ಜನ ಇದನ್ನು ಓದಿ ಕೈ ಮುಗಿದು ಪುಸ್ತಕ ಮುಚ್ಚಿಡ್ತಾರೆ. ಫಿರಿ ಇದನ್ನೇ ಕೃಷಿ ಪಾಠ ಅಂತ ಓದಿಕೊಂಡರು. ನನ್ನ ತೋಟ ನಾನೇ ಮಾಡಿಕೋಬೇಕು, ಆದ್ರೆ ನನ್ನ ನದಿ ಎಲ್ಲಿ? ಮಳೆ ಬಂದಾಗಲೆಲ್ಲ ಹೊರಗೆ ಹೋಗಿ ನಿಂತು ನೀರು ಎಲ್ಲಿಂದ ಬರುತ್ತೆ, ಎಲ್ಲಿ ಓಡುತ್ತೆ, ಎಲ್ಲಿ ಹಸಿ ಉಳಿಯುತ್ತೆ ಅಂತ ನೋಡಿದರು.

ಜಮೀನಿನ ನೆತ್ತಿಯ ಮೇಲೆ ಒಂದು ದೊಡ್ಡ ಹುಟ್ಟುಬಂಡೆ. ಮಳೆ ನೀರೆಲ್ಲ ಅದರ ಮೇಲಿಂದ ಜಾರಿ, ಕೆಳಗೆ ಕೊರಕಲು ಹೊಡೆದು ಹೋಗ್ತಿತ್ತು. ಅದೇ ಅವರ ನದಿ. ಬಂಡೆಯ ಇಳಿಜಾರಿನಲ್ಲಿ ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಗಿಡ್ಡ ಗೋಡೆ ಕಟ್ಟಿದರು. ನೀರು ನಿಲ್ಲಲಿ ಅಂತಲ್ಲ, ಓಡೋದು ಬಿಟ್ಟು ನಡೆಯಲಿ ಅಂತ. ಬಂಡೆಯ ಬುಡದಲ್ಲಿ ನೀರು ಇಂಗೋಕೆ ಒಂದು ಹೊಂಡ. ಅದಕ್ಕೆ ಅವರು ಇಟ್ಟ ಹೆಸರು ‘ವಲಸೆ ಕೇಂದ್ರ’, ಅಂದ್ರೆ ಹೊರಗಿನಿಂದ ಬಂದ ನೀರು ಇಲ್ಲಿ ಹೆಸರು ಬರೆಸಿ ಭೂಮಿಯೊಳಗೆ ಹೋಗಬೇಕು! ಆ ಹೊಂಡ ಒಂದು ಮಳೆಗಾಲದಲ್ಲಿ ಮೂರು ಸಲ ತುಂಬಿದ್ರೆ ಎರಡು ವರ್ಷಕ್ಕೆ ಚಿಂತೆ ಇಲ್ಲ ಅನ್ನೋದು ಅವರ ಲೆಕ್ಕ.

ನನಗೆ ತುಂಬಾ ಹಿಡಿಸಿದ್ದು ಇದರ ಮುಂದಿನ ಭಾಗ. ಸರ್ಕಾರ ಮಣ್ಣು ಸವಕಳಿ ತಡೆಯೋಕೆ ಅಂತ ಹೊಲಗಳಲ್ಲಿ ಬದುಗಾಲುವೆ ಹೊಡೆಸಿತ್ತು. ಅವು ಮಳೆ ನೀರನ್ನು ಹೊಲದಿಂದ ಆಚೆಗೆ ಸಾಗಿಸ್ತಿದ್ದವು. ಫಿರಿ ಆ ಕಾಲುವೆಯೊಳಗೇ ಅಲ್ಲಲ್ಲಿ ಉದ್ದುದ್ದ ಗುಂಡಿ ತೋಡಿದರು. ಹೊರಗೆ ಹೋಗೋ ನೀರು ಗುಂಡಿಯಲ್ಲಿ ನಿಂತು, ಇಂಗಿ, ಕೆಳಗಿನ ಬೆಳೆಯ ಬೇರಿಗೆ ಹೋಯಿತು. ಇವತ್ತಿಗೂ ಅಲ್ಲಿ ಇದಕ್ಕೆ ಫಿರಿ ಗುಂಡಿ ಅಂತಲೇ ಹೆಸರು. ಮಣ್ಣನ್ನು ಅವರು ಒಂದು ಡಬ್ಬಕ್ಕೆ ಹೋಲಿಸ್ತಿದ್ದರು. ಕೊರಕಲು ಅಂದ್ರೆ ಡಬ್ಬದ ತೂತು. ಮೊದಲು ತೂತು ಮುಚ್ಚಬೇಕು.

ಹೊಲದ ತಗ್ಗಿನಲ್ಲಿ ಕೊನೆಗೆ ಬಾವಿ, ಮೀನಿನ ಹೊಂಡ, ಬಾಳೆ, ಹಣ್ಣಿನ ಗಿಡ ಎಲ್ಲಾ ಬಂತು. ಆದ್ರೆ ಸುಲಭಕ್ಕೆ ಬರಲಿಲ್ಲ. ಜವುಗು ನೆಲದಲ್ಲಿ ಬೇಸಾಯ ಮಾಡೋದು ಆಗಿನ ಕಾನೂನಿಗೆ ವಿರುದ್ಧ. ಅದಕ್ಕೆ ಅವರನ್ನು ಹಿಡಿದುಕೊಂಡೂ ಹೋದರು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕೊಟ್ಟ ಹಿಂಸೆಗೆ ಅವರ ಕಾಲು ಶಾಶ್ವತವಾಗಿ ಊನವಾಯಿತು. ನಾನು ವಿಡಿಯೊದಲ್ಲಿ ನೋಡಿದ ಆ ಕುಂಟು ನಡಿಗೆ ಅಲ್ಲಿಂದ ಬಂದದ್ದು. ಅದೇ ಕಾಲಲ್ಲಿ ಗುಂಡಿ ತೋಡಿದರು. 1980ರಲ್ಲಿ ದೇಶ ಸ್ವತಂತ್ರ ಆದಮೇಲೆ ಸುತ್ತಲಿನ ರೈತರಿಗೂ ಕಲಿಸೋಕೆ ಜ್ವಿಶಾವಾನೆ ವಾಟರ್ ಪ್ರಾಜೆಕ್ಟ್ ಅನ್ನೋ ಸಂಸ್ಥೆ ಶುರುಮಾಡಿದರು. 2006ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಸೊಸೈಟಿಯ ಬಫೆಟ್ ಪ್ರಶಸ್ತಿ ಬಂತು. ಕೆಲಸ ಹೋದ ವರ್ಷದಿಂದ ಲೆಕ್ಕ ಹಾಕಿ, 42 ವರ್ಷ. ನಾಲ್ಕು ನಿಮಿಷದ ವಿಡಿಯೊದಲ್ಲಿ ಇದು ಗೊತ್ತಾಗಲ್ಲ.

ಇನ್ನು ನಮ್ಮ ಹೊಲದ ವಿಷಯ. ನಮ್ಮದು ಕೆಂಪು ಮಸಾರೆ, ಮೇಲ್ಗಡೆ ಕಲ್ಲುಗುಡ್ಡ, ನಡುವೆ ಒಂದು ಹಳೇ ಬದುಗಾಲುವೆ. ಮುಂಗಾರಿನ ಮೊದಲ ಜೋರು ಮಳೆಗೆ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ತಲೆ ಮೇಲೆ ಗೋಣಿಚೀಲ ಹೊದ್ದು, ನೀರು ಹೋಗೋ ದಾರಿಯನ್ನೆಲ್ಲ ವಿಡಿಯೊ ಮಾಡಿದೆ. ನೀವೂ ಮಾಡಿ, ಖರ್ಚಿಲ್ಲ. ಇಷ್ಟು ವರ್ಷ ಉತ್ತ ಹೊಲದಲ್ಲೇ ನನಗೆ ಗೊತ್ತಿಲ್ಲದ ಎರಡು ಹರಿವು ಸಿಕ್ಕಿದವು. (ಗುಡುಗು ಮಿಂಚು ಇದ್ದರೆ ಮಾತ್ರ ಹೊರಗೆ ಹೋಗಬೇಡಿ.) ಆಮೇಲೆ ಗಾರೆಯವರು ಬಳಸೋ ನೀರಿನ ಪೈಪಿಂದ ಲೆವೆಲ್ ನೋಡಿಕೊಂಡು ಕಾಲುವೆಯೊಳಗೆ ಐದು ಗುಂಡಿ ತೆಗೆದೆ. ಒಂದೊಂದೂ ಆರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ.

ಒಂದು ತಪ್ಪು ಮಾಡಿದೆ. ಕೊನೆಯ ಗುಂಡಿಗೆ ಕೋಡಿ ಬಿಡಲಿಲ್ಲ. ಜೋರು ಮಳೆ ಬಂದ ರಾತ್ರಿ ಅಲ್ಲಿ ಬದು ಒಡೆದು ಅರ್ಧ ಸಾಲು ಶೇಂಗಾ ಕೊಚ್ಚಿ ಹೋಯ್ತು. ಹಾಗಾಗಿ ಗುಂಡಿ ತೋಡೋ ಮೊದಲು ಹೆಚ್ಚಾದ ನೀರು ಎಲ್ಲಿಂದ ಹೊರಗೆ ಹೋಗಬೇಕು ಅಂತ ಗುರುತು ಮಾಡಿ, ಆ ಜಾಗಕ್ಕೆ ಕಲ್ಲು ಹಾಸಿ. ಎರೆ ಭೂಮಿಯವರು ಇದನ್ನು ಹಾಗೇ ನಕಲು ಮಾಡಬೇಡಿ. ಅಲ್ಲಿ ನೀರು ಬೇಗ ಇಂಗಲ್ಲ, ಬೇರು ಕೊಳೆಯುತ್ತೆ. ಮನೆ ಹತ್ತಿರದ ಗುಂಡಿಗೆ ಮುಳ್ಳುಬೇಲಿ ಕಟ್ಟಿ, ಮಕ್ಕಳು, ಕರು ಓಡಾಡ್ತವೆ.

ಬೋರಿಗೆ ನೀರು ಬಂತಾ ಅಂತ ಕೇಳ್ತೀರಿ. ಇಲ್ಲ, ಒಂದೇ ಮಳೆಗಾಲಕ್ಕೆ ಬರಲ್ಲ. ಆದ್ರೆ ಗುಂಡಿಯ ಕೆಳಗಿನ ಮೂರು ಸಾಲು ಶೇಂಗಾ ಮಳೆ ಬಿಟ್ಟು ಹದಿನೆಂಟು ದಿನ ಆದ್ರೂ ಬಾಡಿಲ್ಲ, ಮೇಲಿನವು ಬಾಡಿವೆ. ಅಪ್ಪ ಬಂದು ನೋಡಿದರು.

“ಆ ಮುದುಕಪ್ಪ ಇನ್ನೇನು ಹೇಳ್ಯಾನೆ?” ಅಂದರು.

“ಮೂರು ಸಲ ತುಂಬಬೇಕಂತೆ ಅಪ್ಪಾಜಿ.”

ಮೂರನೇ ಬೋರಿನ ಮಾತು ಈ ವರ್ಷಕ್ಕೆ ನಿಂತಿದೆ. ಗುಂಡಿ ಇದುವರೆಗೆ ಒಂದು ಸಲ ತುಂಬಿದೆ. ಕೊಟ್ಟಿಗೆ ಬಾಗಿಲ ಹಿಂದೆ ಅಪ್ಪ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ.