ಗಾಜಿನೊಳಗೊಂದು ಪುಟ್ಟ ಮಲೆನಾಡು

ಸೋದರಿಯರೇ, ಮಳೆಗಾಲ ಹಿಡಿಯಿತೆಂದರೆ ನಮ್ಮ ಹಾನುಬಾಳಿನಲ್ಲಿ ಮನೆಯೇ ಪ್ರಪಂಚ. ಅಂಗಳಕ್ಕಿಳಿದರೆ ಜಿಗಣೆ, ಒಳಗೆ ಬಂದರೆ ಒಣಗದ ಬಟ್ಟೆ. ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಇಂಥ ದಿನಗಳಲ್ಲಿ ನನಗೆ ಜೊತೆಯಾಗಿರುವುದು ಎರಡು ಗಾಜಿನ ತೋಟಗಳು. ಒಂದು, ಬಿಸ್ಕತ್ತಿನ ಜಾಡಿಯೊಳಗೆ ಬೆಳೆದ ಪಾಚಿ ಮತ್ತು ಜರಿಗಿಡ. ಇನ್ನೊಂದು, ಗಿಡಗಳೇ ತುಂಬಿರುವ ಮೀನಿನ ತೊಟ್ಟಿ. "ದುಡ್ಡಿದ್ದವರ ಶೋಕಿ" ಅಂತ ಮೂಗು ಮುರಿಯಬೇಡಿ. ದುಡ್ಡಿಗಿಂತ ತಾಳ್ಮೆಯೇ ಹೆಚ್ಚು ಬೇಕು. ಆ ತಾಳ್ಮೆ ಕಲಿಯಲು ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ.

ಮಗಳು ಪಿ.ಯು.ಸಿ.ಗೆಂದು ಹಾಸನದ ಹಾಸ್ಟೆಲಿಗೆ ಹೊರಟಾಗ "ಅಮ್ಮಾ, ನನ್ನ ಮೀನು ನೋಡ್ಕೋ" ಅಂದು ಹೋದಳು. ಅವಳಿಲ್ಲದ ಮನೆ ಬಿಕೋ ಅನ್ನುತ್ತಿತ್ತು. ಕೈಗೊಂದು ಕೆಲಸ ಬೇಕಿತ್ತು. ತೊಟ್ಟಿ ಕೊಳಕಾಗಿದೆ ಅನ್ನಿಸಿತು. ನೀರನ್ನೆಲ್ಲ ಚೆಲ್ಲಿ, ಮರಳನ್ನು ಬಿಸಿನೀರಲ್ಲಿ ತೊಳೆದು, ಗಾಜನ್ನು ಫಳಫಳ ಹೊಳೆಯುವಂತೆ ಉಜ್ಜಿ ಹೊಸ ನೀರು ತುಂಬಿದೆ. ಪಾಪ, ಹಸಿದಾವು ಅಂತ ದಿನಕ್ಕೆ ಮೂರು ಸಲ ಆಹಾರ ಬೇರೆ. ಐದನೇ ದಿನಕ್ಕೆ ಎಂಟು ಮೀನಲ್ಲಿ ಒಂದೂ ಉಳಿಯಲಿಲ್ಲ. ಫೋನಿನಲ್ಲಿ ಹೇಳುವಾಗ ಗಂಟಲು ಕಟ್ಟಿತು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡಮ್ಮಾ" ಅಂದಳು. ಬೈದಿದ್ದರೇ ವಾಸಿಯಿತ್ತು.

ತಪ್ಪೇನೆಂದು ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಮೀನಿನ ಮಲ, ಉಳಿದ ಆಹಾರ ಇವುಗಳಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಮರಳಿಗೆ, ಕಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ. ನೈಟ್ರೇಟ್ ಮಾತ್ರ ಅಷ್ಟು ಕೇಡಲ್ಲ, ಗಿಡಗಳಿಗೆ ಅದೇ ಗೊಬ್ಬರ. ನಾನು ಕೊಳೆಯೆಂದು ತೊಳೆದದ್ದು ಈ ಜೀವಿಗಳನ್ನೇ! ಹೆಪ್ಪನ್ನೇ ಚೆಲ್ಲಿ ಹಾಲು ಮೊಸರಾಗಲಿಲ್ಲ ಅಂದರೆ ಹೇಗೆ?

ಮೊದಲು ಜಾಡಿಯಿಂದ ಶುರುಮಾಡಿ

ಹೊಸಬರಿಗೆ ಜಾಡಿಯೇ ಸುಲಭ. ಈ ಉಪಾಯ ಹುಟ್ಟಿದ್ದೂ ಆಕಸ್ಮಿಕವಾಗಿ. 1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಪತಂಗದ ಗೂಡೊಂದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಿದ್ದರು. ಊರಿನ ಹೊಗೆಯಲ್ಲಿ ಹೊರಗೆ ಬದುಕದಿದ್ದ ಜರಿಗಿಡ ಆ ಮಣ್ಣಿನಲ್ಲಿ ತಾನಾಗಿ ಮೊಳೆಯಿತು. 1833ರಲ್ಲಿ ಅವರು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಕಳಿಸಿದ ಗಿಡಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗಿ ಆಸ್ಟ್ರೇಲಿಯಾ ಸೇರಿದವು. 1850ರ ಸುಮಾರಿಗೆ ಚೀನಾದ ಟೀ ಸಸಿಗಳು ನಮ್ಮ ದೇಶಕ್ಕೆ ಬಂದದ್ದೂ ಅಂಥ ಪೆಟ್ಟಿಗೆಗಳಲ್ಲೇ.

ಬೇಕಾಗುವ ಸಾಮಾನು: ಮುಚ್ಚಳವಿರುವ, ಅಗಲ ಬಾಯಿಯ ಗಾಜಿನ ಜಾಡಿ 1, ಸಣ್ಣ ಜಲ್ಲಿ 2 ಹಿಡಿ, ಇದ್ದಿಲ ಚೂರು 2 ಚಮಚ, ಜರಡಿ ಹಿಡಿದ ಮಣ್ಣು 3 ಹಿಡಿ, ಅಂಗೈಯಗಲ ಪಾಚಿ, ಬೆರಳುದ್ದದ ಜರಿಗಿಡ 1 ಅಥವಾ 2.

ಮಾಡುವ ವಿಧಾನ: ತಳಕ್ಕೆ ಜಲ್ಲಿ, ಅದರ ಮೇಲೆ ಇದ್ದಿಲು, ಆಮೇಲೆ ಮಣ್ಣು ಹರಡಿ. ಜರಿಗಿಡ ನೆಟ್ಟು, ಸುತ್ತ ಪಾಚಿಯನ್ನು ಮೆತ್ತಗೆ ಒತ್ತಿ. ಮಣ್ಣು ತೇವವಾಗುವಷ್ಟೇ ನೀರು ಚಿಮುಕಿಸಿ. ತಳದಲ್ಲಿ ನೀರು ನಿಲ್ಲಬಾರದು. ಮುಚ್ಚಳ ಹಾಕಿ ಬೆಳಕಿರುವ ಕಡೆ ಇಡಿ, ನೇರ ಬಿಸಿಲಿಗಲ್ಲ. ಬಿಸಿಲಿಗಿಟ್ಟರೆ ಗಿಡ ಒಳಗೇ ಬೆಂದುಹೋಗುತ್ತದೆ.

ಒಳಗಿನ ನೀರು ಆವಿಯಾಗಿ, ಗಾಜಿಗೆ ಹನಿಗಟ್ಟಿ, ಮತ್ತೆ ಮಣ್ಣಿಗಿಳಿಯುತ್ತದೆ. ಹೊರಗಿನ ಮಳೆಯ ಲೆಕ್ಕವೇ ಒಳಗೂ! ಗಾಜು ಸದಾ ಮಂಜಾಗಿದ್ದರೆ ಅರ್ಧ ದಿನ ಮುಚ್ಚಳ ತೆಗೆದಿಡಿ. ಪಾಚಿ ಒಣಗಿದಂತೆ ಕಂಡರೆ ಒಂದು ಚಮಚ ನೀರು ಸಾಕು.

ಆಮೇಲೆ ಮೀನಿನ ತೊಟ್ಟಿ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ನೀರೇ 50 ಕಿಲೋ ತೂಗುವುದರಿಂದ ಮೇಜು ಗಟ್ಟಿಯಿರಲಿ. ತಳಕ್ಕೆ ಒಂದಂಗುಲ ಗೊಬ್ಬರ ಹಾಕದ ಮಣ್ಣು, ಮೇಲೆ ಒಂದಂಗುಲ ತೊಳೆದ ಮರಳು. ಅದರಲ್ಲಿ ವ್ಯಾಲಿಸ್ನೇರಿಯಾ, ಹೈಡ್ರಿಲ್ಲದಂಥ ನೀರುಗಿಡಗಳನ್ನು ಒತ್ತೊತ್ತಾಗಿ ನೆಡಿ. ಮಣ್ಣು ಕದಡದಂತೆ ತಟ್ಟೆಯಿಟ್ಟು, ಅದರ ಮೇಲೆ ಮೆಲ್ಲಗೆ ನೀರು ಹುಯ್ಯಿ.

ತೋಟದ ಮನೆಯವರು ಒಂದು ಎಚ್ಚರ ವಹಿಸಬೇಕು. ಬೋರ್ಡೋ ಮಿಶ್ರಣ ಕಲಸಿದ ಬಕೆಟ್ಟು, ಸಿಂಪಡಣೆಯಾದ ಗಿಡದ ಬುಡದ ಮಣ್ಣು ಎರಡೂ ಬೇಡ. ಮೈಲುತುತ್ತದಲ್ಲಿರುವ ತಾಮ್ರ ಸ್ವಲ್ಪವಾದರೂ ಮೀನಿಗೆ ಅಪಾಯ.

ಇನ್ನು ಕಷ್ಟದ ಕೆಲಸ: ಕಾಯುವುದು. ನಾಲ್ಕರಿಂದ ಆರು ವಾರ ಮೀನು ಬಿಡಬೇಡಿ. ಗಿಡ ಬೇರೂರಲಿ, ಸೂಕ್ಷ್ಮಜೀವಿಗಳು ಹೆಚ್ಚಲಿ. ಪರಿಚಿತರ ಹಳೆಯ ತೊಟ್ಟಿಯಿಂದ ಒಂದು ಹಿಡಿ ಮರಳು ತಂದು ಬೆರೆಸಿದರೆ ಹೆಪ್ಪು ಕೊಟ್ಟಂತೆ. ಆಮೇಲೆ ಆರೇ ಆರು ಜೀಬ್ರಾ ಮೀನು ಸಾಕು. ನಮ್ಮ ಚಳಿಯನ್ನೂ ತಡೆಯುತ್ತವೆ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುವುದರಿಂದ, ಕರೆಂಟು ಹೋಗುವ ಊರಲ್ಲಿ ಮೀನು ಕಡಿಮೆಯಿದ್ದಷ್ಟೂ ಕ್ಷೇಮ. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಮ್ಮೆ ಕಾಲುಭಾಗ ನೀರು ಮಾತ್ರ ಬದಲಿಸಿ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವ ಊರಿನವರು ಅದನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ. ಸೋಪು ಹತ್ತಿರ ಸುಳಿಯಕೂಡದು!

ಹೊಳೆಯದು ಹೊಳೆಗೇ ಇರಲಿ

"ಪಕ್ಕದಲ್ಲೇ ಹಳ್ಳವಿದೆ, ಮೀನಿಗೆ ದುಡ್ಡೇಕೆ?" ಎಂದು ನಮ್ಮ ಯಜಮಾನರು ಕೇಳಿದ್ದುಂಟು. ಕೇರಳ ಮತ್ತು ಕರ್ನಾಟಕದ ಘಟ್ಟದ ಹೊಳೆಗಳಲ್ಲಷ್ಟೇ ಇರುವ ಡೆನಿಸನ್ ಎಂಬ ಕೆಂಪುಗೆರೆಯ ಮೀನು, ಗಾಜಿನ ತೊಟ್ಟಿಗೆಂದು ಹಿಡಿದೂ ಹಿಡಿದೂ ಅಳಿವಿನಂಚಿಗೆ ಬಂದಿದೆ. ಆದ್ದರಿಂದ ಸಾಕಿ ಮರಿಮಾಡಿದ ಮೀನನ್ನೇ ಕೊಳ್ಳಿ. ಪಾಚಿಗೂ ಕಾಡಿಗೆ ಹೋಗಬೇಡಿ. ಹಿತ್ತಿಲ ಕಲ್ಲುಗೋಡೆಯದು ಸಾಕು. ಹಾಗೆಯೇ ಬೇಡವಾದ ಮೀನು, ಗಿಡಗಳನ್ನು ಹಳ್ಳಕ್ಕೆ ಬಿಡಬೇಡಿ. ಹೂವಿನ ಅಂದಕ್ಕೆಂದು ದಕ್ಷಿಣ ಅಮೆರಿಕದಿಂದ ತಂದ ಅಂತರಗಂಗೆ ನಮ್ಮ ಎಷ್ಟು ಕೆರೆಗಳನ್ನು ಮುಚ್ಚಿತೆಂದು ನೀವೇ ಕಂಡಿದ್ದೀರಿ.

ದೀಪಾವಳಿಗೆ ಮಗಳು ಬಂದಳು. ಬ್ಯಾಗನ್ನೂ ಇಳಿಸದೆ ತೊಟ್ಟಿಯ ಮುಂದೆ ಕೂತಳು. ಗಿಡಗಳ ನಡುವೆ ಆರು ಪಟ್ಟೆಮೀನು ಓಡಾಡುತ್ತಿದ್ದವು. "ಏನ್ ಮಾಡ್ದೆ ಅಮ್ಮಾ?" ಅಂದಳು.

"ಏನೂ ಮಾಡಲಿಲ್ಲ ಕಣೇ. ಕೈಕಟ್ಟಿ ಕೂತು ನೋಡಿದೆ" ಅಂದೆ.

ಅಕ್ಕರೆ ಅತಿಯಾದರೂ ಜೀವಕ್ಕೆ ಕಷ್ಟವೆಂದು ನನಗೆ ಮೀನುಗಳು ಕಲಿಸಿದವು. ಈ ಮಳೆಗಾಲ ನೀವೂ ಒಂದು ಖಾಲಿ ಜಾಡಿ ಹುಡುಕಿ, ಮಾಡಿ ನೋಡಿ. ಮಾಡಿದ ಮೇಲೆ ಮಾತ್ರ, ಸೋದರಿಯರೇ, ಗಳಿಗೆಗೊಮ್ಮೆ ಮುಚ್ಚಳ ತೆಗೆಯಬೇಡಿ!