ಬೂದುಗುಂಬಳ, ಸಿಹಿಗುಂಬಳ: ನಂಬಿಕೆ ಎಷ್ಟು, ನಿಜ ಎಷ್ಟು?

ಆಯುಧಪೂಜೆ ಹತ್ತಿರ ಬಂತೆಂದರೆ ಬಸವನಗುಡಿಯ ಗಾಂಧಿಬಜಾರು, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ, ಚಾಮರಾಜಪೇಟೆಯ ಮಗ್ಗುಲಿನ ಕೆ.ಆರ್. ಮಾರ್ಕೆಟ್ಟು, ಎಲ್ಲ ಕಡೆಯೂ ಬೂದುಗುಂಬಳದ ರಾಶಿ. ಅದಾಗಿ ಕೆಲವೇ ವಾರಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್. ಕಣ್ಣು, ಬಾಯಿ ಕೊರೆದು ದೀಪ ಇಡಲು ಈಗ ಮಕ್ಕಳಿಗೆ ಕಿತ್ತಳೆ ಬಣ್ಣದ ಕುಂಬಳಕಾಯಿಯೂ ಬೇಕು. ಒಂದನ್ನು ಒಡೆಯುತ್ತೇವೆ, ಇನ್ನೊಂದನ್ನು ಕೊರೆಯುತ್ತೇವೆ. ಎರಡರ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ.

ತಪ್ಪು ಕಲ್ಪನೆ: ಎರಡೂ ಒಂದೇ ಕಾಯಿ, ಬಣ್ಣವಷ್ಟೇ ಬೇರೆ.

ಸತ್ಯ: ಸೌತೆ, ಸೋರೆ, ಹೀರೆಗಳಂತೆ ಇವೂ ಒಂದೇ ಬಳ್ಳಿಗಳ ಕುಟುಂಬದವು ನಿಜ. ಆದರೆ ಬೂದುಗುಂಬಳ ಬೆನಿನ್‌ಕಾಸಾ ಕುಲದ್ದು, ಸಿಹಿಗುಂಬಳ ಕುಕುರ್ಬಿಟಾ ಕುಲದ್ದು. ಮೊದಲನೆಯದು ಏಷ್ಯಾದ ಹಳೆಯ ಬೆಳೆ. ಎರಡನೆಯದರ ತವರು ಅಮೆರಿಕ ಖಂಡ. ಮೆಕ್ಸಿಕೋದ ಒವಾಹಾಕಾದ ಗುಹೆಯೊಂದರಲ್ಲಿ ಸುಮಾರು 10,000 ವರ್ಷ ಹಳೆಯ ಕುಕುರ್ಬಿಟಾ ಬೀಜಗಳು ಸಿಕ್ಕಿವೆ. 1492ರಲ್ಲಿ ಕೊಲಂಬಸ್ ಅಮೆರಿಕ ಖಂಡಕ್ಕೆ ಹೋದ ಮೇಲೆಯೇ ಅದು ಕಡಲು ದಾಟಿ ನಮ್ಮತ್ತ ಬಂತು. ನಮ್ಮ ಪಲ್ಯ, ಗೊಜ್ಜು, ಹುಳಿಗಳಲ್ಲಿ ಅಷ್ಟು ಚೆನ್ನಾಗಿ ಬೆರೆತಿರುವ ಸಿಹಿಗುಂಬಳ ಮೆಣಸಿನಕಾಯಿಯ ಹಾಗೆ ದೂರದಿಂದ ಬಂದು ನೆಲೆಸಿದ್ದು.

ತಪ್ಪು ಕಲ್ಪನೆ: ಬೂದುಗುಂಬಳದ ಮೇಲಿನ ಬಿಳಿ ಪುಡಿ ಔಷಧಿ ಸಿಂಪಡಿಸಿದ್ದರ ಗುರುತು.

ಸತ್ಯ: ಅದು ಕಾಯಿ ತಾನೇ ಹೊದ್ದುಕೊಳ್ಳುವ ಮೇಣ. ಎಳೆಗಾಯಿಯ ಮೈಮೇಲೆ ರೋಮಗಳಿರುತ್ತವೆ. ಬಲಿತಂತೆ ಅವು ಉದುರಿ ಬೂದಿಯಂಥ ಪುಡಿ ಕೂರುತ್ತದೆ. ಮುಟ್ಟಿದರೆ ಕೈಗೆ ಅಂಟುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯ ಕಳ್ಳ ಹೊತ್ತಿದ್ದೂ ಇದೇ ಕಾಯಿಯನ್ನು. ಈ ಮೇಣ ನೀರು ಆರದಂತೆ ತಡೆಯುವುದರಿಂದಲೇ ಬಲಿತ ಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಸಂಡಿಗೆಗೂ ಕಾಶಿ ಹಲ್ವಕ್ಕೂ ಬೂದಿ ದಟ್ಟವಾಗಿರುವ ಕಾಯಿಯನ್ನೇ ಆರಿಸಿ. ಹೆಚ್ಚುವ ಮೊದಲು ತೊಳೆದರೆ ಸಾಕು.

ತಪ್ಪು ಕಲ್ಪನೆ: ಹ್ಯಾಲೋವೀನ್‌ಗೆ ವಿದೇಶಿ ಕುಂಬಳವೇ ಬೇಕು, ಅದೇ ರುಚಿಯಲ್ಲೂ ಮೇಲು.

ಸತ್ಯ: ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ಕುಂಬಳ ಸಿಕ್ಕಿತು. ಅಲ್ಲಿ ಕೆತ್ತನೆಗೆಂದೇ ಬೆಳೆಸುವ ತಳಿಗಳು ನೀರುನೀರು, ನಾರುನಾರು. ಅಡುಗೆಗೆ ಅವು ಸಪ್ಪೆ. ಅಮೆರಿಕದವರು ಪೈ ಮಾಡಲು ಡಬ್ಬಿಯಲ್ಲಿ ಕೊಳ್ಳುವ ಕುಂಬಳದ ತಿರುಳು ಬಹುಪಾಲು ಕುಕುರ್ಬಿಟಾ ಮೋಸ್ಚಾಟಾ ಜಾತಿಯದು. ನಮ್ಮ ಮಾರುಕಟ್ಟೆಯ ಸಿಹಿಗುಂಬಳವೂ ಹೆಚ್ಚಾಗಿ ಅದೇ ಜಾತಿ. 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ 'ಅರ್ಕಾ ಚಂದನ್' ಈ ಜಾತಿಯದೇ, 2ರಿಂದ 3 ಕಿಲೋ ತೂಗುವ ಕಾಯಿ. ಇದರ ತಿರುಳು ಗಟ್ಟಿ, ಕೊರೆಯುವುದು ತುಸು ಕಷ್ಟ. ಆದ್ದರಿಂದ ಚಾಕು ದೊಡ್ಡವರ ಕೈಯಲ್ಲಿರಲಿ. ತೆಗೆದ ತಿರುಳು ಅಂದೇ ಸಾಂಬಾರಿಗೆ ಹೋಗಲಿ.

ತಪ್ಪು ಕಲ್ಪನೆ: ದೊಡ್ಡದಾದಷ್ಟೂ, ಸಿಪ್ಪೆ ಕೆಂಪಾದಷ್ಟೂ ಒಳ್ಳೆಯ ಕಾಯಿ.

ಸತ್ಯ: ಹಸಿರು ಸಿಪ್ಪೆಯೊಳಗೂ ಗಾಢ ಕಿತ್ತಳೆ ತಿರುಳಿರಬಹುದು. ನೋಡಬೇಕಾದ್ದು ತೊಟ್ಟನ್ನು. ಅದು ಒಣಗಿ ಗಟ್ಟಿಯಾಗಿದ್ದು, ಕಾಯಿಗೆ ಬಿಗಿಯಾಗಿ ಅಂಟಿರಬೇಕು. ಉಗುರು ಒತ್ತಿದರೆ ಸಿಪ್ಪೆ ಸುಲಭವಾಗಿ ಇಳಿಯಬಾರದು. ಗಾತ್ರಕ್ಕೆ ತಕ್ಕ ಭಾರವಿರಬೇಕು. ತೊಟ್ಟಿನ ಸುತ್ತ, ತಳದಲ್ಲಿ ಮೆತ್ತಗಿದ್ದರೆ ಬೇಡ. ಹೋಳು ಕೊಳ್ಳುವುದಾದರೆ ತಿರುಳಿನ ಬಣ್ಣ ದಟ್ಟವಾಗಿರಲಿ, ಬೀಜ ತುಂಬಿಕೊಂಡಿರಲಿ, ಒಳಗಿನ ನಾರು ಲೋಳೆಯಾಗಿರದಿರಲಿ. ಇಡೀ ಕಾಯನ್ನು ಗಾಳಿಯಾಡುವ ತಂಪು ಜಾಗದಲ್ಲಿಡಿ. ಹೋಳಾದರೆ ಬೀಜ ತೆಗೆದು ಫ್ರಿಜ್ಜಿನಲ್ಲಿಟ್ಟು ಬೇಗ ಬಳಸಿ. ಬೀಜ ಎಸೆಯಬೇಡಿ. ಒಣಗಿಸಿ ಹುರಿದರೆ ಮೆಗ್ನೀಸಿಯಂ, ಸತುಗಳಿರುವ ಒಳ್ಳೆಯ ತಿನಿಸು.

ತಪ್ಪು ಕಲ್ಪನೆ: ಸಕ್ಕರೆ ಕಾಯಿಲೆಯವರು ಸಿಹಿಗುಂಬಳ ಮುಟ್ಟಲೇಬಾರದು.

ಸತ್ಯ: 100 ಗ್ರಾಂ ಹಸಿ ಸಿಹಿಗುಂಬಳದಲ್ಲಿ ಕಾರ್ಬೋಹೈಡ್ರೇಟ್ ಸುಮಾರು 6.5 ಗ್ರಾಂ, ಉಳಿದದ್ದು ಬಹುಪಾಲು ನೀರು. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ. ಹಿತಮಿತವಾದ ಪಲ್ಯಕ್ಕಿಂತ ಅದಕ್ಕೆ ಹಾಕುವ ಬೆಲ್ಲದ ಮೇಲೆ ಕಣ್ಣಿಡಬೇಕು. ಆದರೆ ಇನ್ನೊಂದು ಎಚ್ಚರ ಬೇಕು. ಬೂದುಗುಂಬಳವಾಗಲಿ ಸೋರೆಯಾಗಲಿ ಕಹಿಯಾಗಿದ್ದರೆ ಅದರ ರಸ ಕುಡಿಯಬಾರದು. ಕಹಿ ಕೊಡುವ ಕುಕುರ್ಬಿಟಾಸಿನ್ ವಿಷಕಾರಿ.

ತಪ್ಪು ಕಲ್ಪನೆ: ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ.

ಸತ್ಯ: ಕೊಳೆಯುವುದು ಹೆಚ್ಚಾಗಿ ಪರಾಗಸ್ಪರ್ಶ ಆಗದ್ದರಿಂದ. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾಗಿ ಅರಳುತ್ತವೆ. ಮೊದಲು ಬಂದು ಉದುರುವವು ಗಂಡು ಹೂಗಳು, ಅದಕ್ಕೆ ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ತಾರಸಿ ತೋಟಕ್ಕೆ ಜೇನು ಬಾರದಿದ್ದರೆ, ಬೆಳಗ್ಗೆ ಸಿಹಿಗುಂಬಳದ ಗಂಡು ಹೂವು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರಿ. ದೃಷ್ಟಿ ತೆಗೆಯುವುದಕ್ಕಿಂತ ಇದು ಫಲ ಕೊಡುತ್ತದೆ.

ತಪ್ಪು ಕಲ್ಪನೆ: ನಿವಾಳಿಸಿದ ಕಾಯಿ ನಡುರಸ್ತೆಯಲ್ಲೇ ಒಡೆದು ಬಿಡಬೇಕು.

ಸತ್ಯ: ನಂಬಿಕೆ ನಿಮ್ಮದು, ರಸ್ತೆ ಎಲ್ಲರದು. ಬೂದುಗುಂಬಳದಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಆ ಹೋಳಿನ ಮೇಲೆ ಚಕ್ರ ಹತ್ತಿದರೆ ದ್ವಿಚಕ್ರ ವಾಹನ ಜಾರುತ್ತದೆ. ಬಣ್ಣ ಬೆರೆತ ಕುಂಕುಮ, ಒಳಗಿಟ್ಟ ನಾಣ್ಯ ಬೀದಿಯ ಹಸುವಿನ ಹೊಟ್ಟೆ ಸೇರುತ್ತವೆ. ಮರುದಿನ ಬೆಳಗ್ಗೆ ಅದನ್ನೆಲ್ಲ ಬಳಿಯುವವರು ಪೌರಕಾರ್ಮಿಕರು.

ಈ ಸಲ ಗೇಟಿನ ಪಕ್ಕದಲ್ಲಿ ಒಡೆಯಿರಿ, ಹೋಳುಗಳನ್ನು ನೀವೇ ಎತ್ತಿ ಹಸಿ ಕಸಕ್ಕೆ ಹಾಕಿ. ಇನ್ನೊಂದು ಕಾಯಿ ತಂದು ಮಜ್ಜಿಗೆ ಹುಳಿ ಮಾಡಿ. ಕುಂಬಳಕ್ಕೆ ಸಲ್ಲುವ ಮರ್ಯಾದೆ ಅಡುಗೆಮನೆಯಲ್ಲಿದೆ.